ಮೂರನೆಯ ಟೆಲಿಕಾಸ್ಟರ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಬಸವನಗುಡಿಯ ನಿವಾಸಿ. ಹದಿನೈದು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಫೆಂಡರ್ ಟೆಲಿಕಾಸ್ಟರ್ ಬಿಟ್ಟು ಬೇರೆ ಮಾದರಿ ನನ್ನ ಕೈಗೆ ಒಗ್ಗಲೇ ಇಲ್ಲ. ಕಾಲೇಜಿನ ದಿನಗಳಲ್ಲಿ ಕೊಂಡ, ಫೆಂಡರಿನದೇ ಅಗ್ಗದ ಬ್ರಾಂಡಾದ ಸ್ಕ್ವಯರ್‌ನ ಅಫಿನಿಟಿ ಒಂದು, ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಒಂದು ನನ್ನಲ್ಲಿವೆ. ಅಫಿನಿಟಿಯ ಬ್ರಿಡ್ಜ್ ಪಿಕಪ್ಪಿನ (ತಂತಿಗಳು ಬಾಡಿಗೆ ಕೂರುವ ಬದಿಯಲ್ಲಿ ಅವುಗಳ ಕಂಪನವನ್ನು ಹಿಡಿಯುವ ಭಾಗದ) ನಾದ ಕಿವಿಗೆ ಚುಚ್ಚುತ್ತದೆ. ಅದರ ಬದಲು ಯಾವ ಪಿಕಪ್ ಹಾಕಿಸಲಿ? ಮೆಕ್ಸಿಕೋದ ಗಿಟಾರಿಗೆ ನೆಕ್ (ಕತ್ತಿನ) ಬದಿಯಲ್ಲಿ ಹಂಬಕರ್, ಅಂದರೆ ಗುಂಯ್ ಸದ್ದನ್ನು ಅಡಗಿಸುವ ಎರಡು ಸುರುಳಿಯ ಪಿಕಪ್, ಕೂರಿಸುವ ಆಸೆಯಿದೆ. ಅದಕ್ಕಾಗಿ ಬಾಡಿಯ ಮರ ಕೊರೆಸಬಹುದೆ? ಮನೆಯಲ್ಲಿ ನುಡಿಸುವಾಗ ಎರಡರಲ್ಲೂ ಗುಂಯ್ ಎನ್ನುವ ಸದ್ದು ಬರುತ್ತದೆ, ಏಕೆ? 1980ರ ದಶಕದ ಜಪಾನ್ ಟೆಲಿಕಾಸ್ಟರ್ ಒಂದು ನಗರದಲ್ಲಿಯೇ ಮಾರಾಟಕ್ಕೆ ಬಂದಿದೆ, ಕೊಳ್ಳಬಹುದೆ?

ಉತ್ತರ: ನಿಮ್ಮ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ನಾನು ಅವುಗಳಲ್ಲಿ ಹೆಚ್ಚಿನವನ್ನು ಒಂದೇ ಗಜಕಡ್ಡಿಯಿಂದ ಅಳೆಯುತ್ತೇನೆ: ಗಿಟಾರಿಗೆ ಮಾಡಹೊರಟ ಬದಲಾವಣೆಯನ್ನು ಮುಂದೊಂದು ದಿನ ಹಿಂತೆಗೆಯಬಹುದೆ, ಇಲ್ಲವೆ? ಸ್ಕ್ರೂ ಬಿಚ್ಚಿ ಮಾಡುವ ಕೆಲಸವನ್ನೂ ಬೆಸುಗೆ ಹಾಕಿ ಮಾಡುವ ಕೆಲಸವನ್ನೂ ಅರ್ಧ ದಿನದಲ್ಲಿ ಹಿಂತೆಗೆಯಬಹುದು. ಮರಕ್ಕೆ ರೂಟರ್ (ಮರ ತೋಡುವ ಯಂತ್ರ) ತಗುಲಿದ ಮೇಲೆ, ಅಥವಾ ಮೂಲ ಬಣ್ಣವನ್ನು ಉಜ್ಜಿ ತೆಗೆದ ಮೇಲೆ, ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಆದ್ದರಿಂದ ಸಂಗ್ರಹಕಾರರಾದವರು ತಮ್ಮಲ್ಲಿರುವ ಪ್ರತಿಯೊಂದು ವಾದ್ಯದ ಬಗ್ಗೆಯೂ ಇದು ಕಾಪಿಡುವ ಗಿಟಾರೋ, ಪ್ರಯೋಗದ ಗಿಟಾರೋ ಎಂಬುದನ್ನು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ನಿಶ್ಚಯಿಸಿಕೊಂಡಿರಬೇಕು. ನಿಮ್ಮ ಅಫಿನಿಟಿ ಪ್ರಯೋಗಕ್ಕೆ ಹೇಳಿ ಮಾಡಿಸಿದ್ದು.

ಮೊದಲು ಚುಚ್ಚುವ ನಾದದ ವಿಚಾರ. ಇದೇ ದೂರು ಹೊತ್ತು ನನ್ನ ಬಳಿಗೆ ಬರುವ ಹತ್ತು ಟೆಲಿಕಾಸ್ಟರ್‌ಗಳಲ್ಲಿ ಆರೇಳಕ್ಕಾದರೂ ಹೊಸ ಪಿಕಪ್ಪಿನ ಅಗತ್ಯ ಇರುವುದಿಲ್ಲ. ಪಿಕಪ್ ಎಂದರೆ ಕೂದಲೆಳೆಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದಕ್ಕೆ ಇಂಡಕ್ಟನ್ಸ್ ಇದೆ, ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿಗೆ ಕೆಪಾಸಿಟನ್ಸ್ ಇದೆ. ಇವೆರಡೂ ಸೇರಿ ಒಂದು ನಿರ್ದಿಷ್ಟ ಕಂಪನಾಂಕದಲ್ಲಿ ಅನುರಣನದ ಶಿಖರವೊಂದನ್ನು ಉಂಟುಮಾಡುತ್ತವೆ. ನಾವು ಟೆಲಿಕಾಸ್ಟರಿನ ಠೇಂಕಾರ ಎಂದು ಮೆಚ್ಚುವುದೂ ಕರ್ಕಶ ಎಂದು ಬೈಯುವುದೂ ಬಹುಮಟ್ಟಿಗೆ ಈ ಶಿಖರವನ್ನೇ. ಸುಮಾರು 3 ಹೆನ್ರಿಯ ಬ್ರಿಡ್ಜ್ ಪಿಕಪ್ಪಿಗೆ, ಮೀಟರಿಗೆ 100 ಪಿಕೊಫ್ಯಾರಡ್‌ನಂತಿರುವ ಕೇಬಲ್ಲನ್ನು ಮೂರು ಮೀಟರ್ ಜೋಡಿಸಿದರೆ ಶಿಖರ 4,600 ಹರ್ಟ್ಜ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಕೇಬಲ್ ಆರು ಮೀಟರ್ ಆದಾಗ 3,500ರ ಹತ್ತಿರಕ್ಕೆ ಇಳಿದು, ಅದರ ಮೇಲಿನ ಅಂಶವೆಲ್ಲ ತಗ್ಗುತ್ತದೆ. ವೈರ್‌ಲೆಸ್ ಟ್ರಾನ್ಸ್‌ಮಿಟರನ್ನು ನೇರವಾಗಿ ಜಾಕ್‌ಗೆ ಚುಚ್ಚಿ ನುಡಿಸುವವರಿಗೆ ಕೇಬಲ್ಲಿನ ಈ ಕೆಪಾಸಿಟನ್ಸ್ ಇಲ್ಲವೇ ಇಲ್ಲ ಎನ್ನಬಹುದು. ನೀವೂ ಹಾಗೆ ನುಡಿಸುತ್ತಿದ್ದರೆ ಒಂದು ಸಂಜೆ ಉದ್ದನೆಯ ಕೇಬಲ್ ಹಾಕಿ ಕೇಳಿ ನೋಡಿ. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಶಿಖರ ಎಲ್ಲಿದೆ ಎಂಬುದನ್ನು ಕೇಬಲ್ ನಿರ್ಧರಿಸಿದರೆ, ಎಷ್ಟು ಎತ್ತರವಿದೆ ಎಂಬುದನ್ನು ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ಗುಬುಟಿನ ಅಡಿಯ ರೋಧಕ) ನಿರ್ಧರಿಸುತ್ತದೆ. ಟೆಲಿಕಾಸ್ಟರಿನಂಥ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೆ 250 ಕಿಲೊಓಮ್ ಪಾಟ್ ರೂಢಿ, ಹಂಬಕರಿಗೆ 500. ಕೈ ಬದಲಾಯಿಸುತ್ತಾ ಬಂದ ಗಿಟಾರ್‌ಗಳಲ್ಲಿ ಯಾರೋ 500ರ ಪಾಟ್ ಕೂರಿಸಿಹೋಗಿರುವುದು ಅಪರೂಪವೇನಲ್ಲ. ಅದು ಶಿಖರವನ್ನು ಅಣಗಿಸುವುದಿಲ್ಲ, ನಾದ ಹರಿತವಾಗಿಯೇ ಉಳಿಯುತ್ತದೆ. ಕಂಟ್ರೋಲ್ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ, ಪಿಕಪ್ ಸ್ವಿಚ್ಚಿನಿಂದ ಪಾಟಿಗೆ ಬರುವ ತಂತಿಯ ಬೆಸುಗೆ ಬಿಡಿಸಿ, ಪಾಟಿನ ಎರಡು ಹೊರಕಾಲುಗಳಿಗೆ ಮಲ್ಟಿಮೀಟರಿನ ಮೊನೆಗಳನ್ನು ತಾಗಿಸಿದರೆ ಅಳತೆ ಗೊತ್ತಾಗುತ್ತದೆ. ಹೀಗೆ ಬಿಡಿಸಿಕೊಳ್ಳದಿದ್ದರೆ ಮೀಟರ್ ಪಿಕಪ್ಪಿನ ಸುರುಳಿಯ ಮೂಲಕವೂ ಅಳೆದು ಸುಳ್ಳು ಅಂಕಿ ಕೊಡುತ್ತದೆ.

ಪಿಕಪ್ಪಿನ ಎತ್ತರವನ್ನೂ ಬಹಳ ಮಂದಿ ಒಮ್ಮೆಯೂ ಮುಟ್ಟಿರುವುದಿಲ್ಲ. ತಂತಿಗಳನ್ನು ಕೊನೆಯ ಫ್ರೆಟ್ಟಿನಲ್ಲಿ (ಮೆಟ್ಟಿಲಿನಲ್ಲಿ) ಅದುಮಿ ಹಿಡಿದಾಗ ಮಂದ್ರದ ತಂತಿಗೂ ಪಿಕಪ್ಪಿಗೂ ನಡುವೆ 2.4 ಮಿಲಿಮೀಟರ್, ಸಣ್ಣ ತಂತಿಗೂ ಪಿಕಪ್ಪಿಗೂ ನಡುವೆ 2 ಮಿಲಿಮೀಟರ್ ಅಂತರದಿಂದ ಆರಂಭಿಸಿ, ಅಲ್ಲಿಂದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಕಿವಿಗೆ ಹಿತವಾದಲ್ಲಿ ನಿಲ್ಲಿಸಿ. ಇಷ್ಟರ ಮೇಲೂ ಸಮಾಧಾನವಾಗದಿದ್ದರೆ ಟೋನ್ ಪಾಟಿನ 0.022 ಮೈಕ್ರೊಫ್ಯಾರಡ್ ಕೆಪಾಸಿಟರಿನ ಜಾಗಕ್ಕೆ 0.047 ಹಾಕಿ ನೋಡಿ; ಎಸ್.ಪಿ. ರಸ್ತೆಯಲ್ಲಿ ಒಂದು ಕೆಪಾಸಿಟರಿಗೆ ಒಂದು ಕಾಫಿಯ ಬೆಲೆಯೂ ಇಲ್ಲ. ಹಳೆಯ ಕಾಲದ್ದೆಂದು ಹೇಳಿ ಸಾವಿರಾರು ರೂಪಾಯಿಗೆ ಮಾರುವ ಕೆಪಾಸಿಟರ್‌ಗಳಿಗೂ ಇದಕ್ಕೂ, ಮೌಲ್ಯ ಒಂದೇ ಇದ್ದರೆ, ಗಿಟಾರಿನೊಳಗೆ ನನ್ನ ಕಿವಿಗಂತೂ ವ್ಯತ್ಯಾಸ ಕೇಳಿಸಿಲ್ಲ.

ಇವೆಲ್ಲ ಆದ ಮೇಲೆ ಪಿಕಪ್. ಅಫಿನಿಟಿಯಲ್ಲಿ ಇರುವುದು ಉಕ್ಕಿನ ಕಂಬಗಳ ಅಡಿಯಲ್ಲಿ ಸೆರಾಮಿಕ್ ಆಯಸ್ಕಾಂತ ಅಂಟಿಸಿದ ಪಿಕಪ್. ಸಾಂಪ್ರದಾಯಿಕ ಟೆಲಿಕಾಸ್ಟರ್ ಪಿಕಪ್ಪಿನಲ್ಲಿ ಕಂಬಗಳೇ ಆಲ್ನಿಕೊ ಆಯಸ್ಕಾಂತ. ಬ್ರಿಡ್ಜ್ ಪಿಕಪ್ಪಿನ ತಳಕ್ಕೆ ತಾಮ್ರದ ಲೇಪವಿರುವ ಉಕ್ಕಿನ ತಟ್ಟೆಯೊಂದು ಇರುತ್ತದೆ. ನಿಮ್ಮ ದೂರನ್ನು ಓದಿದರೆ ಆಲ್ನಿಕೊ 5ಕ್ಕಿಂತ ಬಲ ಕಡಿಮೆಯಿರುವ ಆಲ್ನಿಕೊ 3 ನಿಮಗೆ ಹೊಂದೀತು ಎನಿಸುತ್ತದೆ. ಆ ಉಕ್ಕಿನ ತಟ್ಟೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಟೆಲಿಕಾಸ್ಟರಿನಲ್ಲಿ ತಂತಿಗಳು ಅರ್ಥಿಂಗ್ ಪಡೆಯುವುದು ಹೆಚ್ಚಾಗಿ ಇದೇ ತಟ್ಟೆಯಿಂದ, ಪಿಕಪ್ ಹಿಡಿದ ಸ್ಕ್ರೂಗಳ ಮೂಲಕ, ಬ್ರಿಡ್ಜ್‌ಗೆ. ತಟ್ಟೆ ಇಲ್ಲದ ಪಿಕಪ್ ಹಾಕಿದರೆ ಬ್ರಿಡ್ಜ್‌ಗೆ ಬೇರೆ ತಂತಿ ಎಳೆಯಲೇಬೇಕು; ಎಳೆಯದಿದ್ದರೆ ಇಡೀ ಗಿಟಾರ್ ಜೇನುಗೂಡಿನಂತೆ ಸದ್ದು ಮಾಡುತ್ತದೆ, ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲಿ ಭಾನುವಾರ ಕಳೆದುಹೋಗುತ್ತದೆ. ತಟ್ಟೆ ಸಡಿಲವಾಗಿದ್ದರೆ ವಾಲ್ಯೂಮ್ ಏರಿಸಿದೊಡನೆ ಕಿರ್ ಎಂದು ಕೂಗುವುದೂ ಉಂಟು. ಅದಕ್ಕೆ ಮದ್ದು ಮೇಣ. ವೀಣೆಯ ಮೇಳ ಕಟ್ಟುವವರು ಮೇಣದಲ್ಲಿ ಮೆಟ್ಟಿಲುಗಳನ್ನು ಕೂರಿಸುವುದನ್ನು ನೋಡಿದವರಿಗೆ ಈ ಕೆಲಸ ಹೊಸದೆನಿಸಲಾರದು: ಪ್ಯಾರಫಿನ್ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಪಿಕಪ್ಪನ್ನು ಅದರಲ್ಲಿ ಮುಳುಗಿಸಿಡಬೇಕು. ಮೇಣವನ್ನು ನೇರವಾಗಿ ಒಲೆಯ ಮೇಲೆ ಮಾತ್ರ ಇಡಬಾರದು, ಬೆಂಕಿ ಹತ್ತುತ್ತದೆ.

ಬೆಸುಗೆಯನ್ನು ನೀವೇ ಕಲಿಯಿರಿ ಎನ್ನುವುದು ನನ್ನ ಸಲಹೆ. ರೇಡಿಯೊ ರಿಪೇರಿಗೆ ಬಳಸುವ 25 ವ್ಯಾಟ್ ಬೆಸುಗೆಕೋಲು ಪಾಟಿನ ಬೆನ್ನಿಗೆ ಸಾಲದು. ಲೋಹದ ಡಬ್ಬಿ ಶಾಖವನ್ನು ಕುಡಿಯುತ್ತಲೇ ಇರುತ್ತದೆ, ಸೀಸ ಕರಗುವ ಹೊತ್ತಿಗೆ ಒಳಗಿನ ಇಂಗಾಲದ ಪಟ್ಟಿ ಸುಟ್ಟಿರುತ್ತದೆ. 40 ವ್ಯಾಟಿನದ್ದನ್ನು ಅಗಲ ಮೊನೆಯೊಂದಿಗೆ ಕೊಳ್ಳಿ. ಪಾಟಿನ ಬೆನ್ನನ್ನು ಉಪ್ಪುಕಾಗದದಿಂದ ಹೊಳಪು ಕಾಣುವಂತೆ ಉಜ್ಜಿ, ಮೊದಲು ಅಲ್ಲಿ ಒಂದು ಚುಕ್ಕೆ ಸೀಸ ಹರಡಿ, ತಂತಿಯ ತುದಿಗೂ ಬೇರೆಯಾಗಿ ಸೀಸ ಹಚ್ಚಿಕೊಂಡು, ಬಳಿಕ ಎರಡನ್ನೂ ಸೇರಿಸಿ ಅಲುಗಾಡದಂತೆ ಐದೆಣಿಸುವಷ್ಟು ಹೊತ್ತು ಹಿಡಿಯಿರಿ. ಬೆಸುಗೆ ಕನ್ನಡಿಯಂತೆ ಮಿನುಗಿದರೆ ಕೂತಿದೆ ಎಂದರ್ಥ, ಬೂದಿ ಬಣ್ಣಕ್ಕೆ ತಿರುಗಿದರೆ ಮತ್ತೆ ಮಾಡಬೇಕು. ಬಾಡಿಯ ಮೇಲೆ ಹಳೆಯ ಟವೆಲ್ ಹಾಸಿಕೊಳ್ಳುವುದನ್ನು ಮರೆಯಬೇಡಿ. ಒಂದು ಹನಿ ಸೀಸ ಸಿಡಿದರೂ ಬಣ್ಣದ ಮೇಲೆ ಶಾಶ್ವತವಾದ ಬೊಟ್ಟು ಉಳಿಯುತ್ತದೆ.

ಭಾಗ ತರಿಸುವ ಮೊದಲು ಅಳೆದುಕೊಳ್ಳಿ. ಅಗ್ಗದ ಸರಣಿಯ ಗಿಟಾರ್‌ಗಳಲ್ಲಿ ಪಾಟಿನ ರಂಧ್ರ 8 ಮಿಲಿಮೀಟರಿನಷ್ಟೇ ಇರುವುದು ಸಾಮಾನ್ಯ. ಅಮೆರಿಕದ ಸಿಟಿಎಸ್ ಕಂಪನಿಯ ಪಾಟಿಗೆ ಬೇಕಾದದ್ದು 9.5. ದಂಡವೂ ಒಂದರದ್ದು 6 ಮಿಲಿಮೀಟರ್, ಇನ್ನೊಂದರದ್ದು ಕಾಲು ಅಂಗುಲ, ಅಂದರೆ 6.35, ಹೀಗಾಗಿ ಹಳೆಯ ಗುಬುಟು ಹೊಸ ಪಾಟಿಗೆ ಇಳಿಯುವುದಿಲ್ಲ. ಪ್ಲೇಟನ್ನು ಕೊರೆಯುವ ಬದಲು ಹೊಸ ಪ್ಲೇಟನ್ನೇ ಕೊಳ್ಳುವುದು ಲೇಸು. ಪಿಕಪ್ ಆರಿಸುವ, ಅಮೆರಿಕದ ತೆರೆದ ಮಾದರಿಯ ಸ್ವಿಚ್ ಆಳವಾದದ್ದು. ಪ್ರಮಾಣಿತ ಟೆಲಿಕಾಸ್ಟರಿನ ಬಾಡಿ ಸುಮಾರು 44 ಮಿಲಿಮೀಟರ್ ದಪ್ಪವಿದ್ದರೆ ಅಫಿನಿಟಿಯ ಬಾಡಿಗಳು ಅದಕ್ಕಿಂತ ತೆಳು, ಸ್ವಿಚ್ಚಿನ ಕಾಲುಗಳು ತಳಕ್ಕೆ ತಾಗುವ ಸಂಭವ ಉಂಟು. ಅಂಗುಲದ ಅಳತೆಯ ಅಲೆನ್ ಸ್ಕ್ರೂವಿಗೆ ಮಿಲಿಮೀಟರ್ ಕೀಯನ್ನು ಒತ್ತಿ ತಿರುಗಿಸಿ ಮೂಲೆ ಸವೆಸಿದ ಸ್ಯಾಡಲ್‌ಗಳು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡುಗಳು) ನನ್ನ ಡಬ್ಬಿಯಲ್ಲಿ ಬೇಕಾದಷ್ಟಿವೆ.

ಇನ್ನು ಮೆಕ್ಸಿಕೋದ ಗಿಟಾರಿಗೆ ಹಂಬಕರ್. ಕೊರೆಸಬೇಡಿ. ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಜಪಾನಿನ ಟೆಲಿಕಾಸ್ಟರ್ ಒಂದಕ್ಕೆ, ಮರಗೆಲಸದವರಿಂದ ಎರವಲು ತಂದ ರೂಟರಿನಲ್ಲಿ, ಅಚ್ಚುಹಲಗೆಯೂ ಇಲ್ಲದೆ ಹಂಬಕರಿನ ಗುಂಡಿ ತೋಡಲು ಹೋಗಿದ್ದೆ. ಅಲಗು ಮರದ ಎಳೆಗೆ ಸಿಕ್ಕಿ ಜಾರಿ, ಪಿಕ್‌ಗಾರ್ಡಿನ (ಬಾಡಿಯ ಮೇಲಿನ ರಕ್ಷಣೆಯ ಹಾಳೆಯ) ಅಂಚಿನಿಂದ ನಾಲ್ಕು ಮಿಲಿಮೀಟರ್ ಆಚೆಗೆ ಕಚ್ಚಿತು. ಪುಟ್ಟಿ ತುಂಬಿಸಿದೆ, ಬಣ್ಣ ತಾಳೆ ಹಾಕಿದೆ; ಬಿಸಿಲಿನಲ್ಲಿ ಹಿಡಿದರೆ ಇಂದಿಗೂ ಕಾಣುತ್ತದೆ. ಅಂಥ ಗಿಟಾರುಗಳ ಬೆಲೆ ಬಳಿಕ ಏರುತ್ತಲೇ ಹೋಯಿತು, ನನ್ನದು ಮಾತ್ರ ನನ್ನ ಬಳಿಯೇ ಉಳಿಯಿತು.

ಹಾಗೆಂದು ನಿಮ್ಮ ಆಸೆ ತಪ್ಪೇನಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಐದು ತಂತಿಯ ಟೆಲಿಕಾಸ್ಟರಿನ ನೆಕ್ ಬದಿಯಲ್ಲಿ ಇರುವುದು ಗಿಬ್ಸನ್ ಸಂಸ್ಥೆಯ ಹಂಬಕರ್. ಕಾರ್ಖಾನೆಯೂ ಇದನ್ನು ಗಮನಿಸಿತ್ತು: 1970ರ ದಶಕದ ಆರಂಭದಲ್ಲಿ ಫೆಂಡರ್ ತಂದ ಟೆಲಿಕಾಸ್ಟರ್ ಕಸ್ಟಮ್ ಮಾದರಿಯ ನೆಕ್ ಬದಿಗೆ ವೈಡ್ ರೇಂಜ್ ಎಂಬ ಹಂಬಕರ್ ಇತ್ತು. ಅದನ್ನು ರೂಪಿಸಿದವರು ಸೆತ್ ಲವರ್. ಅದಕ್ಕೂ ಮೊದಲು ಗಿಬ್ಸನ್ನಿನಲ್ಲಿದ್ದಾಗ ಆ ಸಂಸ್ಥೆಯ ಪ್ರಸಿದ್ಧ ಹಂಬಕರನ್ನು ರೂಪಿಸಿದವರೂ ಅವರೇ. ಮೂಲ ವೈಡ್ ರೇಂಜ್‌ನ ಕಂಬಗಳು ತಾಮ್ರ, ನಿಕ್ಕಲ್, ಕಬ್ಬಿಣ ಬೆರೆತ ಆಯಸ್ಕಾಂತದವು. ಮುಂದೆ ಬಂದ ಹೆಚ್ಚಿನ ಮರುನಿರ್ಮಾಣಗಳಲ್ಲಿ ಹೊರರೂಪ ಮಾತ್ರ ಅದು, ಒಳಗೆ ಸಾಮಾನ್ಯ ಹಂಬಕರ್. ಸ್ಕ್ವಯರಿನ ಕ್ಲಾಸಿಕ್ ವೈಬ್ ಸರಣಿಯಲ್ಲಿಯೂ ಈ ಕಸ್ಟಮ್ ಮಾದರಿ ಬಂದಿದೆ. ಮರ ಕೊರೆಸುವ ಕೂಲಿ, ಪಿಕಪ್, ಹೊಸ ಪಿಕ್‌ಗಾರ್ಡ್, ಮಾರುವಾಗ ತಗ್ಗುವ ಬೆಲೆ, ಇವನ್ನೆಲ್ಲ ಕೂಡಿಸಿ ನೋಡಿದರೆ ಅಂಥದ್ದೊಂದನ್ನು ಇಡಿಯಾಗಿ ಕೊಳ್ಳುವುದೇ ಜಾಣತನ ಎನಿಸುತ್ತದೆ.

ಕೈಯಾರೆ ಮಾಡಿದ ತೃಪ್ತಿಯೇ ಬೇಕೆಂದಾದರೆ ಅಫಿನಿಟಿಯನ್ನು ಕೊರೆಯಿರಿ, ಅಥವಾ ಹಂಬಕರಿಗೆಂದು ಮೊದಲೇ ಗುಂಡಿ ತೋಡಿದ ಬಾಡಿಯನ್ನೂ ಬಿಡಿ ನೆಕ್ಕನ್ನೂ ತರಿಸಿ ಹೊಸದೊಂದನ್ನು ಕಟ್ಟಿ. ಲಿಯೊ ಫೆಂಡರ್ ಈ ಗಿಟಾರನ್ನು ನಾಲ್ಕು ಸ್ಕ್ರೂಗಳಿಂದ ನೆಕ್ ಬಿಗಿಯುವಂತೆ ರೂಪಿಸಿದ್ದೇ ಬಿಚ್ಚಿ ಜೋಡಿಸುವ ಅನುಕೂಲಕ್ಕಾಗಿ. ನೆಕ್ ಕೂರುವ ಗುಂಡಿಯ ಅಗಲ ಸುಮಾರು 56 ಮಿಲಿಮೀಟರ್. ಟೆಲಿಕಾಸ್ಟರ್ ನೆಕ್ಕಿನ ಬುಡ ಚೌಕ, ಸ್ಟ್ರಾಟೋಕಾಸ್ಟರಿನದು ದುಂಡು ಎಂಬುದನ್ನು ನೆನಪಿಡಿ. ಮೆಕ್ಸಿಕೋದ ಗಿಟಾರಿಗೆ ಬೇಕಿದ್ದರೆ ನಾಲ್ಕು ಸ್ಥಾನದ ಸ್ವಿಚ್ ಹಾಕಿಕೊಳ್ಳಿ. ನಾಲ್ಕನೆಯ ಸ್ಥಾನದಲ್ಲಿ ಎರಡು ಪಿಕಪ್ಪುಗಳೂ ಸರಣಿಯಲ್ಲಿ ಸೇರಿ, ಹಂಬಕರನ್ನು ಹೋಲುವ ದಪ್ಪ ನಾದ ಕೊಡುತ್ತವೆ. ನೆಕ್ ಪಿಕಪ್ಪಿನ ಲೋಹದ ಮುಚ್ಚಳ ಅದರ ಋಣ ತಂತಿಗೆ ಸಣ್ಣ ತುಂಡಿನಿಂದ ಸೇರಿರುತ್ತದೆ. ಆ ತುಂಡನ್ನು ಕತ್ತರಿಸಿ ಮುಚ್ಚಳಕ್ಕೆ ಬೇರೆ ಅರ್ಥಿಂಗ್ ತಂತಿ ಕೊಡದಿದ್ದರೆ ಈ ಸ್ಥಾನದಲ್ಲಿ ಮುಚ್ಚಳ ಮುಟ್ಟಿದಾಗಲೆಲ್ಲ ಸದ್ದು ಬರುತ್ತದೆ. ತೆಗೆದ ಹಳೆಯ ಸ್ವಿಚ್ಚು, ತಂತಿ, ಸ್ಕ್ರೂ ಎಲ್ಲವನ್ನೂ ಒಂದು ಜಿಪ್ ಚೀಲಕ್ಕೆ ಹಾಕಿ, ದಿನಾಂಕ ಬರೆದು, ಗಿಟಾರಿನ ಕೇಸಿನಲ್ಲೇ ಇಡಿ. ಮುಂದೆ ಕೊಳ್ಳುವವರು ಮೊದಲು ಕೇಳುವುದು ಆ ಚೀಲವನ್ನೇ.

ಗುಂಯ್ ಸದ್ದಿಗೆ ಎರಡು ಮೂಲಗಳಿವೆ. ಸಿಂಗಲ್ ಕಾಯಿಲ್ ಪಿಕಪ್ ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಆಯಸ್ಕಾಂತ ಕ್ಷೇತ್ರವನ್ನು ಹಿಡಿಯುವುದು ಅದರ ಹುಟ್ಟುಗುಣ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿದು, ಕೂತ ಕುರ್ಚಿಯನ್ನು ಸ್ವಲ್ಪ ತಿರುಗಿಸಿದರೆ ತಗ್ಗುತ್ತದೆ. ಒಳಗೆ ತಾಮ್ರದ ಹಾಳೆ ಅಂಟಿಸುವುದರಿಂದ ಈ ಸದ್ದು ಹೋಗುವುದಿಲ್ಲ. ಹೋಗುವುದು ಎರಡನೆಯ ಬಗೆಯ ಜರ್ ಎನ್ನುವ ಸದ್ದು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ನಡುವಿನ ಅಂಕಿಯಲ್ಲಿ ಇಟ್ಟಾಗ ಈ ಜರ್ ಸದ್ದು ಹೆಚ್ಚಾಗಿ, ಪೂರ್ತಿ ಏರಿಸಿದಾಗ ಅಥವಾ ಆರಿಸಿದಾಗ ಮಾಯವಾಗುವುದನ್ನು ನೀವೇ ಪರೀಕ್ಷಿಸಬಹುದು. ತಂತಿಯನ್ನು ಮುಟ್ಟಿದರೆ ಸದ್ದು ನಿಲ್ಲುತ್ತದೆ ಎಂದಾದರೆ ಗಿಟಾರಿನೊಳಗಿನ ಅರ್ಥಿಂಗ್ ಸರಿಯಾಗಿದೆ. ತಂತಿ ಮುಟ್ಟಿದಾಗ ಬೆರಳು ಜುಮ್ ಎನ್ನುವುದಾದರೆ ಮಾತ್ರ ನುಡಿಸುವುದನ್ನು ಅಂದೇ ನಿಲ್ಲಿಸಿ. ನಿಮ್ಮ ಬಡಾವಣೆಯ ಹಳೆಯ ಮನೆಗಳಲ್ಲಿ ಮೂರು ಕಾಲಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಬೇಕು. ಇದು ನಾದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ನೀವು ಕೇಳದಿದ್ದರೂ ಹವೆಯ ಬಗ್ಗೆ ಒಂದು ಮಾತು. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಫಿಂಗರ್‌ಬೋರ್ಡಿನ ಮರ ಕುಗ್ಗಿ, ಫ್ರೆಟ್ಟಿನ ತುದಿಗಳು ಅಂಗೈಗೆ ಗರಗಸದಂತೆ ತಾಗುತ್ತವೆ. ಜುಲೈ ಹೊತ್ತಿಗೆ ಅದೇ ಮರ ತೇವ ಕುಡಿದು ನೆಕ್ಕಿನ ಬಾಗು ಬದಲಾಗುತ್ತದೆ. ಮೊದಲ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ಮಂದ್ರದ ತಂತಿಯನ್ನು ಅದುಮಿ ಹಿಡಿದಾಗ ನಡುವೆ ಕಾಲು ಮಿಲಿಮೀಟರ್ ಸಂದು ಇದ್ದರೆ ಸರಿ. ವರ್ಷಕ್ಕೆ ಎರಡು ಬಾರಿ ನೋಡಿಕೊಳ್ಳಿ. ಗಿಟಾರನ್ನು ಅಟ್ಟಕ್ಕೆ ಏರಿಸಬೇಡಿ, ಬಿಸಿಲು ಕಾಯಿಸುವ ಗೋಡೆಗೂ ನೇತುಹಾಕಬೇಡಿ. ಅಂದಹಾಗೆ, ನೀವು ಬೆರಳಾಡಿಸುವ ಆ ಕಪ್ಪುಗೆಂಪಿನ ರೋಸ್‌ವುಡ್ ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಆಗಿರಬಹುದು. ಆ ಜಾತಿಯ ಮರಗಳೆಲ್ಲ 2017ರ ಜನವರಿಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿದಾಗ ಫೆಂಡರ್ ಮೆಕ್ಸಿಕೋದ ಹಲವು ಮಾದರಿಗಳಿಗೆ ಪೋ ಫೆರೊ ಮರ ಬಳಸತೊಡಗಿತು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಿಮ್ಮ ಮೆಕ್ಸಿಕೋ ಗಿಟಾರಿನ ಫಿಂಗರ್‌ಬೋರ್ಡ್ ನಸುಗಂದಾಗಿದ್ದರೆ ಅದು ಯಾವ ವರ್ಷಗಳದ್ದೆಂದು ಊಹಿಸಲು ಇದೂ ಒಂದು ಸುಳಿವು.

ಸಂಗ್ರಹದ ಬಗ್ಗೆ ನನ್ನ ನಿಲುವು ಸ್ವಲ್ಪ ಕಟ್ಟುನಿಟ್ಟಿನದು. ಹೊಸದಾಗಿ ಬರುವ ಗಿಟಾರ್ ಮನೆಯಲ್ಲಿರುವವು ಹೇಳಲಾರದ ಏನನ್ನಾದರೂ ಹೇಳಬೇಕು. ಟೆಲಿಕಾಸ್ಟರ್ ಇದಕ್ಕೆ ಸಾಕಷ್ಟು ಅವಕಾಶ ಕೊಡುವ ಮಾದರಿ. 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಹೆಸರಿನಿಂದ ಹೊರಬಂದು, ಗ್ರೆಚ್ ಸಂಸ್ಥೆ ತನ್ನ ಡ್ರಮ್ಮುಗಳಿಗೆ ಆ ಹೆಸರಿದೆ ಎಂದು ಆಕ್ಷೇಪಿಸಿದಾಗ, 1951ರಲ್ಲಿ ಕೆಲವು ತಿಂಗಳು ಚೀಟಿಯಿಂದ ಹೆಸರಿನ ಭಾಗವನ್ನು ಕತ್ತರಿಸಿ ತೆಗೆದು ಮಾರಾಟವಾಯಿತು. ಹೆಸರಿಲ್ಲದ ಆ ಗಿಟಾರ್‌ಗಳನ್ನು ಸಂಗ್ರಹಕಾರರು ನೋಕಾಸ್ಟರ್ ಎನ್ನುತ್ತಾರೆ. 1959ರಲ್ಲಿ ಅಂಚುಪಟ್ಟಿಯ ಕಸ್ಟಮ್ (ಮೇಲೆ ಹೇಳಿದ ಹಂಬಕರಿನದಲ್ಲ), 1968ರಲ್ಲಿ ಒಳಗೆ ಟೊಳ್ಳು ಬಿಟ್ಟ ಥಿನ್‌ಲೈನ್ ಬಂದವು. ಬಣ್ಣ ಮಾತ್ರ ಬೇರೆಯಿರುವ ನಾಲ್ಕು ಗಿಟಾರ್‌ಗಳನ್ನು ಗೋಡೆಗೆ ತೂಗುಹಾಕುವವರ ಖುಷಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ನೀವು ನುಡಿಸುವವರು.

ಈ ಲೆಕ್ಕದಲ್ಲಿ ನಿಮ್ಮ ಮೂರನೆಯ ಗಿಟಾರ್ ಹಂಬಕರ್ ಇರುವ ಕಸ್ಟಮ್ ಆಗಬೇಕಿತ್ತು. ಜಪಾನಿನದು ಎದುರಿಗೇ ಬಂದಿರುವುದರಿಂದ, ಬೆಲೆ ನ್ಯಾಯವಾಗಿದ್ದರೆ, ಅದನ್ನು ಮೊದಲು ನೋಡುವುದರಲ್ಲಿ ತಪ್ಪಿಲ್ಲ. ಫೆಂಡರ್ ಜಪಾನ್ ಆರಂಭವಾದದ್ದು 1982ರಲ್ಲಿ. ಜೆವಿ ಅಕ್ಷರಗಳಿಂದ ಶುರುವಾಗುವ ಕ್ರಮಸಂಖ್ಯೆಗಳು 1982ರಿಂದ 1984ರವರೆಗಿನವು, ಬೇಡಿಕೆಯೂ ಅವಕ್ಕೇ ಹೆಚ್ಚು. ಟಿಎಲ್52-65 ಎಂಬಂಥ ಗುರುತು ಕಂಡರೆ, ಅದು 1952ರ ಟೆಲಿಕಾಸ್ಟರಿನ ಮಾದರಿ, ಅಂದಿನ ಬೆಲೆ 65,000 ಯೆನ್ ಎಂದರ್ಥ. ಕ್ರಾಫ್ಟೆಡ್ ಇನ್ ಜಪಾನ್ ಎಂದು ಬರೆದಿದ್ದರೆ ಆ ನೆಕ್ 1980ರ ದಶಕದ್ದಲ್ಲ, 1990ರ ದಶಕದ ಕೊನೆಯ ವರ್ಷಗಳದ್ದು ಅಥವಾ ಅದರ ನಂತರದ್ದು.

ಮಾರುವವರ ಅನುಮತಿ ಪಡೆದು ತಂತಿ ಸಡಿಲಿಸಿ, ನೆಕ್ ಬಿಚ್ಚಿ ನೋಡಿಯೇ ಹಣ ಕೊಡಿ. 1952ರ ಮಾದರಿಯನ್ನು ಅನುಸರಿಸಿದ ನೆಕ್ಕುಗಳಲ್ಲಿ ಟ್ರಸ್ ರಾಡಿನ (ನೆಕ್ಕಿನ ಬಾಗು ತಿದ್ದುವ ಒಳಗಿನ ಕಂಬಿಯ) ನಟ್ ಇರುವುದು ತಲೆಯ ಬದಿಯಲ್ಲಲ್ಲ, ಬಾಡಿಯೊಳಗೆ ಅಡಗುವ ಬುಡದಲ್ಲಿ. ಬಿಚ್ಚದ ಹೊರತು ಕಾಣುವುದೇ ಇಲ್ಲ. ನಟ್ಟಿನ ಸೀಳು ಸವೆದಿದೆಯೆ, ಸ್ಕ್ರೂ ರಂಧ್ರಗಳನ್ನು ತುಂಬಿ ಮತ್ತೆ ಕೊರೆದಿದ್ದಾರೆಯೆ, ಪಿಕ್‌ಗಾರ್ಡಿನ ಅಡಿಯಲ್ಲಿ ಯಾರಾದರೂ ನನ್ನಂತೆಯೇ ರೂಟರ್ ಆಡಿಸಿದ್ದಾರೆಯೆ ಎಂಬುದನ್ನು ಟಾರ್ಚ್ ಹಿಡಿದು ನೋಡಿ. ಫ್ರೆಟ್ಟುಗಳು ಸವೆದಿದ್ದರೆ ಹೊಸದಾಗಿ ಹಾಕಿಸಬಹುದು, ಪಾಟ್ ಕೆಟ್ಟಿದ್ದರೆ ಬದಲಿಸಬಹುದು, ಅಷ್ಟನ್ನು ಬೆಲೆಯಲ್ಲಿ ಕಳೆದು ಕೇಳಿ. ನಟ್ ಮಾತ್ರ ಕಾಲು ಸುತ್ತಾದರೂ ನಿರಾತಂಕವಾಗಿ ತಿರುಗಬೇಕು. ತಿರುಗದಿದ್ದರೆ ಸ್ಕ್ರೂಗಳನ್ನು ಮತ್ತೆ ಬಿಗಿದು, ಕಾಫಿ ಕುಡಿದು, ಗಿಟಾರನ್ನು ಅಲ್ಲಿಯೇ ಬಿಟ್ಟು ಬನ್ನಿ.